ಬೇಲಿಗೆ ಕಟ್ಟಿದ ಕೊಂಬೆಗಳು

ಕಳೆದ ತಿಂಗಳು, ಈಗ ನಾವಿರುವ ಬಾಟನಿ ಡೌನ್ಸ್‌ನ ಗಿಡಗಳ ಅಂಗಡಿಗೆ ಕುಂಡದ ಮಣ್ಣು ತರಲು ಹೋಗಿದ್ದೆ. ಬಾಗಿಲ ಹೊರಗೆ ಮರದ ತೊಗಟೆಯ ಚೂರು ತುಂಬಿದ ಚೀಲವೊಂದು ಹರಿದು, ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು. ಆ ವಾಸನೆ... ಸ್ವಲ್ಪ ಹುಳಿಯಾದ, ಒದ್ದೆ ಸೌದೆಯಂಥ ವಾಸನೆ. ಏನು ಕೊಳ್ಳಲು ಬಂದೆನೆಂಬುದೇ ಮರೆತುಹೋಯಿತು. ಹಿಂದೆ ಇದೇ ನಗರದ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು.

ನಾವು ಅಲ್ಲಿ ಬಾಡಿಗೆಗಿದ್ದದ್ದು ಮೂರು ವರ್ಷ. ಆಂಟಿ ವಿಜಯಪುರದ ಕಡೆಯವರು. ಈ ದೇಶಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಅವರ ಕನ್ನಡ ಮಾತ್ರ ಅಲ್ಲಿಂದ ಕದಲಿರಲಿಲ್ಲ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಎರಡು ಮನೆಗಳ ನಡುವೆ ಸೊಂಟದೆತ್ತರದ ತಂತಿ ಬೇಲಿ. ಅದರಾಚೆ, ಅವರ ಕಡೆ, ಆಳೆತ್ತರದ ಒಂದು ಪೊದೆ. ಆಂಟಿ ಅದನ್ನು ಡಾಗ್‌ವುಡ್ ಎನ್ನುತ್ತಿದ್ದರು. ಅದು ಡಾಗ್‌ವುಡ್ ಎಂಬ ವಿಲಾಯಿತಿ ಗಿಡದ ಸಂಬಂಧಿ ಎಂದು ಮಾರಿದವನು ಹೇಳಿದ್ದನಂತೆ. ಈ ನೆಲದ್ದೇ ಗಿಡ. ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಅದರ ಹೆಸರು ಕೊರೋಕಿಯೊ. ಬೇಸಿಗೆಯಲ್ಲಿ ನೋಡಲು ಏನೂ ಚೆಂದವಿಲ್ಲ, ಯಾರೋ ಸಿಟ್ಟಿನಲ್ಲಿ ತಂತಿಯನ್ನು ಬಗ್ಗಿಸಿ ಬಗ್ಗಿಸಿ ಎಸೆದಂತೆ ಬೂದು ಕಡ್ಡಿಗಳು. ಆದರೆ ಇಲ್ಲಿ ಚಳಿಗಾಲ ತರುವ ಮೇ ತಿಂಗಳು ಬಂದು ಚಳಿ ಕಚ್ಚತೊಡಗಿದರೆ ಅದರ ಪುಟ್ಟ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದವು. ಕಡ್ಡಿಯ ಉದ್ದಕ್ಕೂ ಕಿತ್ತಳೆಗೆಂಪು ಹಣ್ಣು. ಬೆಳಿಗ್ಗೆ ಎದ್ದರೆ ಸಿಲ್ವರ್‌ಐ ಹಕ್ಕಿಗಳ ಹಿಂಡು. ಕಣ್ಣಿನ ಸುತ್ತ ಬಿಳಿಯ ಉಂಗುರವಿರುವ, ಹೆಬ್ಬೆರಳಿನಷ್ಟು ಹಸಿರು ಹಕ್ಕಿಗಳು.

ಅಲ್ಲಿನ ಎರಡನೆಯ ಚಳಿಗಾಲದಲ್ಲಿ ನನ್ನ ಮಗು ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಹೋಯಿತು.

ಗೊತ್ತಿದ್ದವರೆಲ್ಲ ಊಟದ ಡಬ್ಬಿ ಹಿಡಿದು ಬಂದರು. ವಯಸ್ಸಿದೆ, ಇನ್ನೊಂದಾಗುತ್ತದೆ ಎಂದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಎರಡು ವಾರಕ್ಕೆ ನನ್ನ ಗಂಡ ಈಸ್ಟ್ ತಮಾಕಿಯಲ್ಲಿದ್ದ ಕೆಲಸಕ್ಕೆ ಮರಳಿದರು. ನನಗೆ ಅಳು ಬರುತ್ತಿರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದಂತೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು.

ಒಂದು ಬೆಳಿಗ್ಗೆ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಮಗುವಿನ ಮಾತೂ ಎತ್ತಲಿಲ್ಲ.

"ಮಣಕಾಲ ಬಗ್ಗಂಗಿಲ್ಲವಾ ತಂಗಿ. ನೀ ಬಂದು ಗಿಡದ ಬುಡಕ್ಕ ಇಷ್ಟು ತೊಗಟಿ ಹರವಿ ಹೋಗ್ತೀಯೇನ?"

ಹೋದೆ. ಮರುದಿನವೂ ಕರೆದರು. ಒಂದು ದಿನ ಕಳೆ ಕೀಳುವುದು, ಇನ್ನೊಂದು ದಿನ ಬಿದ್ದ ಎಲೆ ಗುಡಿಸುವುದು... ಈಗ ಯೋಚಿಸಿದರೆ ಅವುಗಳಲ್ಲಿ ಅರ್ಧ ಕೆಲಸ ಬೇಕಿರಲೇ ಇಲ್ಲ. ಆಂಟಿ ಮೆಟ್ಟಿಲ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು.

ಜುಲೈ ಇರಬೇಕು. ಒಂದು ಮಧ್ಯಾಹ್ನ ನನ್ನ ಕೈಗೆ ಉದ್ದ ಹಿಡಿಯ ಕತ್ತರಿ ಕೊಟ್ಟು, "ಮ್ಯಾಲ ಒಣಗಿದ ಟೊಂಗಿ ಎರಡು ಅದಾವ, ಕತ್ತರಿಸು. ನಾ ನಮಾಜ್ ಮುಗಿಸಿ ಬರ್ತೀನಿ" ಎಂದು ಒಳಗೆ ಹೋದರು.

ಎರಡನ್ನೂ ಕತ್ತರಿಸಿದೆ. ಆಮೇಲೆ ಒಣಗದ ಮೂರನೆಯದನ್ನು ಕತ್ತರಿಸಿದೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಸಿಟ್ಟಿರಲಿಲ್ಲ. ಅಡುಗೆಗೆ ಹುರುಳಿಕಾಯಿ ಹೆಚ್ಚುವವಳ ಹಾಗೆ ಒಂದಾದ ಮೇಲೊಂದು ಕೊಂಬೆ ಬೀಳಿಸುತ್ತ ಹೋದೆ. ಹಕ್ಕಿಗಳು ಎದ್ದು ಎದುರಿನ ಕರೆಂಟಿನ ತಂತಿಯ ಮೇಲೆ ಸಾಲಾಗಿ ಕುಳಿತವು. ಆಂಟಿ ಹೊರಬರುವ ಹೊತ್ತಿಗೆ ಮೊಣಕಾಲೆತ್ತರದ ಕೊರಡುಗಳಷ್ಟೇ ನಿಂತಿದ್ದವು. ಸುತ್ತ ಹುಲ್ಲಿನ ಮೇಲೆಲ್ಲ ಹಣ್ಣು.

ಅವರು ಸುಮಾರು ಹೊತ್ತು ಬಾಗಿಲಲ್ಲೇ ನಿಂತರು. ಒಂದು ಕೈ ಚೌಕಟ್ಟನ್ನು ಹಿಡಿದಿತ್ತು. ಆಮೇಲೆ ನಿಧಾನವಾಗಿ ಮೆಟ್ಟಿಲಿಳಿದು ಬಂದು, "ಕೈ ತೋರಸು" ಎಂದರು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು. ನನಗೆ ಗೊತ್ತೇ ಆಗಿರಲಿಲ್ಲ. ನಲ್ಲಿಯ ಕೆಳಗೆ ಹಿಡಿದು ತೊಳೆದರು. ಒಳಗಿಂದ ಹಳೆಯ ದುಪಟ್ಟಾ ತಂದು ಉದ್ದುದ್ದ ಹರಿದರು. ಮೊದಲ ಪಟ್ಟಿಯನ್ನು ನನ್ನ ಕೈಗೆ ಸುತ್ತಿದರು.

"ಹಕ್ಕಿಗೋಳು ಹಸದಿರ್ತಾವ. ಬಾ, ಕಟ್ಟೂಣು."

ಹಣ್ಣಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿಕೊಟ್ಟೆ. ಅವರು ನಿಂತೇ ಉಳಿದ ಪಟ್ಟಿಗಳಿಂದ ಅವನ್ನು ಬೇಲಿಯ ತಂತಿಗೆ ಕಟ್ಟುತ್ತ ಹೋದರು.

"ಆಂಟಿ, ನಾನು..." ಎಂದೆ.

"ಮೊದಲ ಆ ತುದಿ ಹಿಡಿ."

ಕತ್ತಲಾಗುವ ಮೊದಲೇ ಹಕ್ಕಿಗಳು ಬಂದವು. ಒಂದು ವಾರ ಬಂದು ತಿಂದವು. ಬೇರಿದ್ದ ಗಿಡವೋ ಕಟ್ಟಿದ ಗಿಡವೋ, ಅವಕ್ಕೆ ಭೇದವಿರಲಿಲ್ಲ. ಆಮೇಲೆ ಹಣ್ಣು ಮುಗಿಯಿತು.

ವಸಂತದಲ್ಲಿ ಕೊರಡುಗಳು ಚಿಗುರಿದವು. ಆದರೆ ಮುಂದಿನ ಚಳಿಗಾಲ ಹಣ್ಣು ಬಿಡಲಿಲ್ಲ. ಅಷ್ಟರಲ್ಲಿ ನಾವು ಬಾಟನಿ ಡೌನ್ಸ್‌ಗೆ ಮನೆ ಬದಲಾಯಿಸಿದೆವು. ಒಮ್ಮೆ ಹೋಗಿ, ಎದುರು ಕೂತು ತಪ್ಪಾಯಿತೆಂದು ಹೇಳಬೇಕು ಅಂದುಕೊಂಡಿದ್ದೆ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ, ಮಂಡಿನೋವಿನ ಬಗ್ಗೆ ಕೇಳುತ್ತಿದ್ದೆ, ಇಡುತ್ತಿದ್ದೆ. ಹೀಗೇ ವರ್ಷಗಳು...

ಹೋದ ವರ್ಷ ಆಂಟಿ ತೀರಿಕೊಂಡರು. ಸುದ್ದಿ ಬಂದಾಗ ಆಫೀಸಿನಲ್ಲಿದ್ದೆ. ಓದಿ, ಅರ್ಧ ಬರೆದಿದ್ದ ಈಮೇಲನ್ನು ಮುಗಿಸಿ ಕಳಿಸಿದೆ. ಸಂಜೆ ಅವರ ಮಗಳ ಮನೆಗೆ ಹೋದೆ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾದರೂ ಆಡಲು ತಡವರಿಸುತ್ತಾಳೆ. ನನ್ನ ಪಕ್ಕ ಬಂದು ಕೂತು ಕೇಳಿದಳು:

"ನೀವೇ ಅಲ್ವಾ ಆ ಡಾಗ್‌ವುಡ್ ಕಟ್ ಮಾಡಿದ್ದು? ಡ್ಯಾಡ್ ಪ್ಲಾಂಟ್ ಮಾಡಿದ್ದು ಅದು, ಹಿ ಡೈಡ್ ದಟ್ ಸೇಮ್ ಇಯರ್. ನಾನು ತುಂಬಾ ಅಪ್‌ಸೆಟ್ ಆಗಿದ್ದೆ. ಬಟ್ ಮಮ್ ಹೇಳಿದ್ಲು, ಇಟ್ ವಾಸ್ ಟೂ ಓಲ್ಡ್, ನಾನೇ ಹೇಳಿ ಕಟ್ ಮಾಡ್ಸಿದೆ ಅಂತ. ನೀವು ಗುಡ್ ಜಾಬ್ ಮಾಡಿದ್ರಿ ಅಂದ್ಲು."

ಅವರ ಗಂಡ ನೆಟ್ಟ ಗಿಡ ಅದೆಂದು ನನಗೆ ಗೊತ್ತಿರಲಿಲ್ಲ. ಆಂಟಿ ಅದನ್ನು ಒಮ್ಮೆಯೂ ಹೇಳಿರಲಿಲ್ಲ.

"ಹೌದು, ಅವರೇ ಹೇಳಿದ್ರು" ಎಂದೆ.

ಅವಳು ನನ್ನ ಕೈ ಅದುಮಿ ಎದ್ದುಹೋದಳು. ಆಗಲೂ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಆ ಮನೆ ಮಾರಾಟವಾಗಿದೆ. ಅತ್ತ ಕಡೆಯ ರಸ್ತೆಯಲ್ಲಿ ಹೋದರೂ ನಾನು ತಿರುಗಿ ನೋಡುವುದಿಲ್ಲ. ಆ ಮಧ್ಯಾಹ್ನ ನಿಜವಾಗಿ ಏನು ನಡೆಯಿತೆಂದು ತಿಳಿದವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ; ನಾನು ಯಾರಲ್ಲಿ ಕ್ಷಮೆ ಕೇಳಬೇಕಿತ್ತೋ ಅವರು ಉಳಿದಿಲ್ಲ.