ಒಂದೇ ನಟ್ಟಿನ ಗಾಲಿ

ಶಹಾಬಾದದ ಕಲ್ಲು ಪಾಲಿಶ್ ಅಂಗಳದವರು ಚಪ್ಪಡಿ ಸಾಗಿಸಲು ತಳ್ಳುಗಾಡಿ ಕೇಳಿದಾಗ ವೆಲ್ಡರ್ ವಿಠೋಬಾ ಶಾಲೆಯ ಬಿಸಿಯೂಟದ ಗಾಡಿಗೆ ಹಾಕುವ ಗಾಲಿಯನ್ನೇ ಹಾಕಿಕೊಟ್ಟ. ಪೈಪಿನ ಕಾಲಿಗೆ ಗಾಲಿಯ ಬೋಲ್ಟು ತೂರಿಸಿ ಒಂದು ನಟ್ಟು ಬಿಗಿದರೆ ಮುಗಿಯಿತು. ಕಲ್ಲಿನ ಭಾರಕ್ಕೆ ಅಗಲ ಪ್ಲೇಟಿನ ಗಾಲಿ ಬೇಕು, ಅದನ್ನು ನಾಲ್ಕು ಬೋಲ್ಟಿನಲ್ಲಿ ಕೂರಿಸಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದಕ್ಕೆ ಗಾಡಿಯ ತಳವನ್ನೇ ಬೇರೆ ಕಟ್ಟಬೇಕಿತ್ತು. ಅಷ್ಟಕ್ಕೇ ಬೇಸರಪಟ್ಟ.

ಮೂರನೆಯ ದಿನ ತಗ್ಗಿಗಿಳಿದ ಗಾಲಿಯ ಬೋಲ್ಟು ಬಾಗಿತು. ಚಪ್ಪಡಿ ಜಾರಿ, ಗಾಡಿ ತಳ್ಳುತ್ತಿದ್ದ ಅನಸುಬಾಯಿಯ ಪಾದದ ಮೇಲೆ ಬಿತ್ತು.

"ಕಣ್ಣ ಎಲ್ಲಿಟ್ಟಿದ್ದಿ? ನಾಳಿಂದ ಕೆಲಸಕ್ಕ ಬರಬ್ಯಾಡ!" ಎಂದು ಅಂಗಳದ ಸಾವಕಾರ ಎಲ್ಲರೆದುರು ಅವಳನ್ನು ಗದರಿದ.

ಬಾಗಿದ ಗಾಲಿ ನೋಡಲು ಸಾವಕಾರ ಹೇಳಿಕಳಿಸಿದ್ದರಿಂದ ವಿಠೋಬಾ ಆಗಲೇ ಬಂದು ಅಲ್ಲೇ ನಿಂತಿದ್ದ. ಪಾದ ಹಿಡಿದು ಗೋಡೆಯ ಬಳಿ ಕುಳಿತಿದ್ದ ಅನಸುಬಾಯಿ ಅವನತ್ತ ತಿರುಗಿ, "ನಿಮ್ ಗಾಡಿ ಮುರದೆ ನೋಡ್ರಿ ಅಣ್ಣಾ. ಭಾಳ ಜೋರ್ಲೆ ದಬ್ಬಿದೆ," ಎಂದಳು.

ಪೆಟ್ಟು ತಿಂದವಳೇ ತಪ್ಪೊಪ್ಪಿಕೊಂಡಿದ್ದಳು. ನೆಲ ಬಾಯ್ದೆರೆದು ನುಂಗಬಾರದೇ ಎನಿಸಿತು ವಿಠೋಬಾನಿಗೆ.

"ಸಾವಕಾರ್ರ, ಆಕೀಗ್ಯಾಕ ಬೈತೀರಿ? ತಪ್ಪ ನಂದದ. ಅನ್ನದ ಡಬ್ಬಿ ಹೊರೋ ಗಾಲಿ ಕಲ್ಲಿಗಿ ಹಾಕೀನಿ. ತಿಳದೂ ತಿಳದು ಹಾಕೀನಿ."

"ತಿಳದು ಯಾಕ ಹಾಕ್ದಿ?"

"ಮೈಗಳ್ಳತನರಿ."

ಪಾಲಿಶ್ ಮಾಡುತ್ತಿದ್ದವನೊಬ್ಬ ಮಷಿನ್ ನಿಲ್ಲಿಸಿ, "ಇಂಥವಗ ಉಸ್ತಾದ್ ಅಂತೀವಲ್ಲಪ್ಪೋ!" ಎಂದು ನಕ್ಕ.

ಕಾಲು ವಾಸಿಯಾದ ಮೇಲೆ ಕೆಲಸಕ್ಕೆ ಬರುವಂತೆ ಸಾವಕಾರ ಅನಸುಬಾಯಿಗೆ ಹೇಳಿದ. ಅವಳನ್ನು ಎಬ್ಬಿಸಲು ವಿಠೋಬಾ ಕೈ ಚಾಚಿದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಗೋಡೆ ಹಿಡಿದು ತಾನೇ ಎದ್ದಳು.