ಗಟ್ಟಿಯಾಗಿ ಓದಿದ ಹೆಸರು

ನನ್ನ ತಮ್ಮ ಹದಿನೈದನೇ ವಯಸ್ಸಿಗೆ ಕುಡಿಯಲು ಕಲಿತ. ಅಪ್ಪನಿಗೆಂದು ಹೇಳಿ ಅಂಗಡಿಗೆ ಹೋಗುತ್ತಿದ್ದ, ಅಂಗಡಿಯವರು ಒಂದು ಮಾತೂ ಕೇಳದೆ ಬಾಟಲಿ ಕೊಡುತ್ತಿದ್ದರು. ದಾರಿಯಲ್ಲಿ ಅವನಿಗೊಂದಿಷ್ಟು, ಉಳಿದದ್ದು ಅಪ್ಪನಿಗೆ. ಅವನಿಗೆ ಹತ್ತೊಂಬತ್ತಾದಾಗ ಒಂದು ಮಧ್ಯಾಹ್ನ, ಮೀನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಮ್ಮನ ಕೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಬಾಗಿಲನ್ನು ಒದ್ದ. ಮೂಳೆ ಮುರಿದ ಶಬ್ದ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ನಾನು ಹಿತ್ತಾಳೆಯ ಸೌಟಿನಿಂದ ಅವನ ಮುಖಕ್ಕೆ ಬಾರಿಸಿದೆ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿದರೂ ಅವನು ಬಾಗಿಲನ್ನು ಇನ್ನೊಮ್ಮೆ ಒದ್ದ.

ಹಾಗಾಗಿ ಗಂಡ ತೀರಿಕೊಂಡು ಬಲ್ಮಠದ ವೈನ್ ಶಾಪಿನ ಲೈಸೆನ್ಸ್ ನನ್ನ ಹೆಸರಿಗೆ ಬಂದ ಮೇಲೆ, ಇಪ್ಪತ್ತೊಂದು ತುಂಬದವರಿಗೆ ಮದ್ಯ ಇಲ್ಲ ಎಂಬ ಬೋರ್ಡನ್ನು ನಾನು ಬರಿದೇ ನೇತುಹಾಕಿ ಸುಮ್ಮನಾಗಲಿಲ್ಲ. ಮೂವತ್ತರೊಳಗಿನವರಂತೆ ಕಂಡ ಪ್ರತಿಯೊಬ್ಬರ ಹತ್ತಿರವೂ ವಯಸ್ಸಿನ ದಾಖಲೆ ಕೇಳಿದೆ. ಹುಡುಗರನ್ನು ಹೊರಗೆ ನಿಲ್ಲಿಸಿ ತಾವು ಒಳಗೆ ಬರುವ ದೊಡ್ಡವರಿಗೂ ಕೊಡಲಿಲ್ಲ. ಕೆಲವರು ಬೈದು ಹೋದರು. ಒಬ್ಬ ಕೌಂಟರಿನ ಮೇಲೆ ಉಗುಳಿದ. ನನ್ನ ಗಂಟಲೂ ಸಣ್ಣದಲ್ಲ. ನಾಲ್ಕು ಜನರ ಎದುರು ಉಗಿದು ಕಳಿಸಿದರೆ ಹುಡುಗರು ನಾಚಿ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ನಂಬಿದ್ದೆ.

ಅದೊಂದು ಶನಿವಾರ, ಗಂಟೆ ಒಂದಾಗಿರಬೇಕು. ಕೌಂಟರಿನಲ್ಲಿ ದಿನಾ ಬರುವ ಗಿರಾಕಿಯೊಬ್ಬರು ನಿಂತಿದ್ದರು. ನಲವತ್ತೈದರ ಆಸುಪಾಸಿನವರು, ನನ್ನನ್ನು ಅಕ್ಕ ಎನ್ನುವವರು, ನನ್ನ ಮಂಡಿ ನೋವು ವಿಚಾರಿಸದೆ ಕ್ವಾರ್ಟರ್ ಬಾಟಲಿ ಜೇಬಿಗೆ ಇಳಿಸಿದವರಲ್ಲ. ಆಗ ಮೂವರು ಕಾಲೇಜಿನವರು ಒಳಗೆ ಬಂದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಒಬ್ಬಳ ಹುಟ್ಟುಹಬ್ಬವಂತೆ. ಹುಡುಗ ಮರ್ಯಾದೆಯಿಂದಲೇ ಬಿಯರ್ ಕೇಳಿದ. ಡ್ರೈವಿಂಗ್ ಲೈಸೆನ್ಸ್ ತೋರಿಸು ಎಂದಾಗ ತೋರಿಸಿದ. ಹತ್ತೊಂಬತ್ತು.

ನಾನು ಆ ಲೈಸೆನ್ಸನ್ನು ಮೇಲೆತ್ತಿ ಹಿಡಿದು ಅವನ ಹೆಸರನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಹೇಳಿದೆ: "ಹತ್ತೊಂಬತ್ತು ವರ್ಷ. ಈ ಹುಡುಗಿಯರನ್ನು ಕರ್ಕೊಂಡು ಹಾಡಹಗಲೇ ಬಿಯರಿಗೆ ಬಂದದ್ದಾ? ಇವರ ಮನೆಯಲ್ಲಿ ಗೊತ್ತುಂಟಾ?"

ಹುಡುಗಿಯರ ಮುಖ ಕೆಂಪಾಯಿತು. ಹುಡುಗ ತಪ್ಪಾಯಿತು ಎಂದು ಲೈಸೆನ್ಸ್ ತೆಗೆದುಕೊಂಡು ಹೊರಟ. ನನ್ನ ಗಿರಾಕಿ ಅವರಿಗಿಂತ ಮೊದಲೇ ಹೊರಗೆ ಹೋಗಿದ್ದರು.

ಮೂವರೂ ಅಂಗಡಿಯೆದುರು ಸ್ಕೂಟರಿನ ಹತ್ತಿರ ಇನ್ನೆಲ್ಲಿಗೆ ಹೋಗುವುದೆಂದು ಮಾತಾಡುತ್ತ ನಿಂತರು. ಹತ್ತು ನಿಮಿಷ ಆಗಿರಬಹುದು, ಎರಡು ಬೈಕುಗಳಲ್ಲಿ ನಾಲ್ವರು ಬಂದಿಳಿದರು. ಹುಡುಗನ ಹೆಸರು ಅವರಿಗೆ ಆಗಲೇ ಗೊತ್ತಿತ್ತು. ಆ ಹೆಸರು ಹಿಡಿದೇ ಕರೆದರು. ಅವನು ತಿರುಗಿದ್ದೇ ತಡ, ಒಬ್ಬ ಹೆಲ್ಮೆಟ್ಟಿನಿಂದ ಮುಖಕ್ಕೆ ಬೀಸಿದ.

ಹುಡುಗ ಬಿದ್ದ. ನಾಲ್ವರೂ ಸುತ್ತುಗಟ್ಟಿ ತುಳಿದರು, ಹೊಟ್ಟೆ, ಪಕ್ಕೆಲುಬು, ತಲೆ ಎಂದು ನೋಡದೆ. ಒಬ್ಬಳು ಅವನ ಮೇಲೆ ಅಡ್ಡ ಬಿದ್ದಳು. ಅವಳ ಜಡೆ ಹಿಡಿದೆಳೆದು, ನಮ್ಮ ಜಾತಿಯ ಹುಡುಗಿಯಾಗಿ ನಿನಗೆ ಇವನೇ ಬೇಕಿತ್ತಾ ಎಂದು ಕೆನ್ನೆಗೆ ಹೊಡೆದರು, ಕಿವಿಯ ಓಲೆ ಹರಿದು ಬರುವವರೆಗೆ. ಇನ್ನೊಬ್ಬಳು ಓಡಿ ಬಂದು ನನ್ನ ಕೌಂಟರಿನಡಿ ನುಸುಳಿದಳು. ರಸ್ತೆಯಲ್ಲಿ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು.

ನಾನೂ ಸ್ವಲ್ಪ ಹೊತ್ತು ಕೌಂಟರಿನ ಹಿಂದೆಯೇ ನಿಂತು ನೋಡಿದೆ. ಎಷ್ಟು ಹೊತ್ತೆಂದು ಈಗಲೂ ಹೇಳಲಾರೆ. ಆಮೇಲೆ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಹೊರಗಿಳಿದೆ. ಹೆಲ್ಮೆಟ್ಟಿನವನ ಮಂಡಿಗೆ ಗುರಿಯಿಟ್ಟು ಹೊಡೆದೆ. ಅವನು ಕೂಗಿ ಕುಸಿದಾಗ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಮ್ಮೆ ಹೊಡೆದೆ. ಇನ್ನೊಬ್ಬ ನನ್ನ ಎಡಗೈ ಹಿಡಿದು ಬೆರಳುಗಳನ್ನು ಹಿಂದಕ್ಕೆ ಮಡಚಿದ. ಎರಡು ಬೆರಳು ಲಟಕ್ಕೆಂದವು. ಅಷ್ಟರಲ್ಲಿ ನನ್ನ ಅಂಗಡಿಯಲ್ಲಿ ಪೆಟ್ಟಿಗೆ ಎತ್ತುವ ಗದಗದ ಕಡೆಯ ಐವತ್ತರ ಮನುಷ್ಯ ಹುಡುಗನ ಕಾಲರ್ ಹಿಡಿದು ದರದರ ಎಳೆದು ಒಳಗೆ ಹಾಕಿದ. ಹೊಡೆತ ತಿಂದ ಹುಡುಗಿಯನ್ನು ನಾನು ದೂಡಿಕೊಂಡು ಬಂದೆ. ಹಿಂದೆಯೇ ಕಲ್ಲು ಬಂದು ಗಾಜೂ ಕಪಾಟಿನ ಬಾಟಲಿಗಳೂ ಒಡೆದವು. ಶಟರ್ ಎಳೆದೆವು.

ಆಮೇಲೆ ಇಪ್ಪತ್ತು ನಿಮಿಷ ನಾವು ಐವರು ಒಳಗೆ. ಹೊರಗಿನಿಂದ ಶಟರಿಗೆ ಒದೆತ. ಒಡೆದ ಬಾಟಲಿಗಳ ರಮ್ ನೆಲದಲ್ಲಿ ಹರಿದು, ಹುಡುಗನ ಬಾಯಿಂದ ಬಿದ್ದ ರಕ್ತಕ್ಕೆ ಸೇರುತ್ತಿತ್ತು. ಮುರಿದ ಹಲ್ಲುಗಳನ್ನು ಅವನು ಅಂಗೈಯಲ್ಲಿ ಹಿಡಿದುಕೊಂಡಿದ್ದ. ನಾನು ಬಲಗೈಯಲ್ಲಿ ಪೊಲೀಸರಿಗೆ ಫೋನ್ ಮಾಡಿದೆ.

ಪೊಲೀಸರು ಬರುವಾಗ ನಾಲ್ವರೂ ಇರಲಿಲ್ಲ. ರಸ್ತೆಯಲ್ಲಿ ನಿಂತು ನೋಡಿದವರು ಹೇಳಿದ್ದು ಬೇರೆಯೇ: ಈ ಹೆಂಗಸು ಕಾಲೇಜು ಹುಡುಗಿಯರಿಗೆ ಬಿಯರ್ ಮಾರುತ್ತಾಳೆ, ಅದಕ್ಕೇ ಗಲಾಟೆ. ನಾನು ಕ್ಯಾಮೆರಾದ ರೆಕಾರ್ಡಿಂಗ್ ಹಾಕಿಸಿದೆ. ಲೈಸೆನ್ಸ್ ಕೇಳಿದ್ದು, ಬಾಟಲಿ ಕೊಡದೆ ಕಳಿಸಿದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಇನ್‌ಸ್ಪೆಕ್ಟರ್ ಎರಡು ಸಲ ನೋಡಿ, ನಿಮ್ಮ ಅಂಗಡಿಗೆ ತೊಂದರೆ ಇಲ್ಲ ಎಂದರು.

ನಾನು ನೋಡುತ್ತಿದ್ದದ್ದು ಬೇರೆ. ಆ ರೆಕಾರ್ಡಿಂಗಿಗೆ ಶಬ್ದವಿಲ್ಲ. ನನ್ನ ಬಾಯಿ ದೊಡ್ಡದಾಗಿ ತೆರೆಯುತ್ತದೆ, ಲೈಸೆನ್ಸ್ ಮೇಲೆ ಹೋಗುತ್ತದೆ, ಪಕ್ಕದಲ್ಲಿದ್ದ ಗಿರಾಕಿಯ ತಲೆ ತಟ್ಟನೆ ಹುಡುಗನತ್ತ ತಿರುಗುತ್ತದೆ. ಅವರು ಫೋನ್ ತೆಗೆಯುತ್ತ ಹೊರಗೆ ನಡೆಯುತ್ತಾರೆ.

ಮೂರನೇ ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಫಳ್ನೀರಿನ ಆಸ್ಪತ್ರೆಗೆ ಹೋದೆ. ಹುಡುಗನ ದವಡೆಗೆ ತಂತಿ ಬಿಗಿದಿದ್ದರು. ಅವನ ತಂದೆ ಬಟ್ಟೆ ಅಂಗಡಿಯವರು, ಹೊರಗೆ ಬೆಂಚಿನಲ್ಲಿ ಕುಳಿತಿದ್ದರು. ಮಗನ ಹೆಸರನ್ನು ಆ ದಿನ ಎಲ್ಲರಿಗೂ ಕೇಳುವಂತೆ ಓದಿದವಳು ನಾನೇ ಎಂದು ಅವರಿಗೆ ಹೇಳಿದೆ.

"ಹೆಸರು ಓದಿದ್ದೂ ನೀವೇ, ಬಾಗಿಲು ಹಾಕಿ ಉಳಿಸಿದ್ದೂ ನೀವೇ," ಎಂದರು ಅವರು. "ನಾನು ಎಂತ ಹೇಳ್ಬೇಕು ನಿಮಗೆ? ನೋಡಿದ್ದನ್ನು ಸ್ಟೇಷನ್ನಿನಲ್ಲಿ ಹೇಳ್ತೀರಾ?"

ಹೇಳಿದೆ. ಇಬ್ಬರ ಬಂಧನವಾಯಿತು, ಇಬ್ಬರಿಗೂ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆಯುತ್ತಿದೆ. ಹೊಡೆತ ತಿಂದ ಹುಡುಗಿಯ ತಾಯಿ ಬಿಕರ್ನಕಟ್ಟೆಯ ನನ್ನ ಮನೆಗೆ ಬಂದು, ಮಗಳ ಹೆಸರು ಎಲ್ಲಿಯೂ ಬಾರದಂತೆ ನೋಡಿಕೊಳ್ಳಿ ಎಂದು ಅತ್ತರು. ಅವಳು ಆ ಕಾಲೇಜು ಬಿಟ್ಟಳಂತೆ.

ತಿಂಗಳಾದ ಮೇಲೆ ಆ ಗಿರಾಕಿ ಮತ್ತೆ ಬಂದರು, ಏನೂ ಆಗದವರ ಹಾಗೆ ಮಂಡಿ ನೋವು ವಿಚಾರಿಸಿದರು. ನಿಮಗೆ ಇಲ್ಲಿ ಇಲ್ಲ ಎಂದೆ.

"ಎಂತ ಅಕ್ಕ, ನನಗೂ ವಯಸ್ಸಾಗಲಿಲ್ಲವಾ?" ಎಂದು ನಕ್ಕರು. ನಾನು ನಗಲಿಲ್ಲ. ನಮ್ಮ ಮಕ್ಕಳ ಒಳ್ಳೆಯದಕ್ಕೇ ಫೋನ್ ಮಾಡಿದ್ದು ಎಂದರು. ನಾನು ಬಾಗಿಲು ತೋರಿಸಿದೆ. ಅವರು ಕೌಂಟರಿನಲ್ಲಿದ್ದ ಬಾಟಲಿ ಎತ್ತಿ ನನ್ನ ತಲೆಯ ಪಕ್ಕದ ಗೋಡೆಗೆ ಎಸೆದರು. ಚೂರೊಂದು ನನ್ನ ಕುತ್ತಿಗೆಗೆ ಚುಚ್ಚಿತು. ಆಮೇಲೆ ಐವತ್ತು ಹೆಜ್ಜೆ ಆಚೆಯ ಅಂಗಡಿಗೆ ಹೋಗಿ ಕೊಂಡುಕೊಂಡರು. ಈಗಲೂ ದಿನಾ ಅಲ್ಲಿಗೆ ಹೋಗುತ್ತಾರೆ.

ನಾನು ಕೇಳುವುದನ್ನು ಬಿಟ್ಟಿಲ್ಲ, ಕೇಳುವ ರೀತಿ ಬದಲಾಗಿದೆ. ಕಾರ್ಡನ್ನು ನನ್ನತ್ತ ಮಾತ್ರ ತಿರುಗಿಸಿ ಹಿಡಿಯುತ್ತೇನೆ. ಹುಟ್ಟಿದ ತಾರೀಕಿನ ಮೇಲೆ ಬೆರಳಿಡುತ್ತೇನೆ, ಹೆಸರು ನೋಡುವುದಿಲ್ಲ. ಇನ್ನೂ ಇಷ್ಟು ವರ್ಷ ಉಂಟು ಎಂದು ಮೆಲ್ಲನೆ ಹೇಳಿ ಹಿಂದೆ ಕೊಡುತ್ತೇನೆ. ಬೈಗುಳವಿಲ್ಲ, ಮನೆಯ ಸುದ್ದಿ ಇಲ್ಲ. ಸುತ್ತಲಿನ ಅಂಗಡಿಯವರಿಗೂ ಇದನ್ನೇ ಹೇಳಿದೆ. ಇಬ್ಬರು ಒಪ್ಪಿದರು. ಒಬ್ಬರು, ಕಾರ್ಡ್ ಕೇಳಿದರೆ ಅಂಗಡಿಯ ಗಾಜು ಹೋಗ್ತದೆ ಎಂದು ನೀವೇ ತೋರಿಸಿದ್ದಲ್ಲವಾ ಎಂದರು.

ಮೊನ್ನೆ ಹುಡುಗಿಯೊಬ್ಬಳು ವೈನ್ ಕೇಳಿಕೊಂಡು ಬಂದಳು. ಇಪ್ಪತ್ತು ತುಂಬಿ ಎರಡು ತಿಂಗಳು. ಮುಂದಿನ ವರ್ಷ ಬಾ ಎಂದೆ, ಅವಳಿಗೆ ಮಾತ್ರ ಕೇಳುವಷ್ಟು. ಅವಳು ತಲೆಯಾಡಿಸಿ ಹೊರಗಿಳಿದು ಬಸ್ ಸ್ಟಾಪಿಗೆ ಹೋದಳು. ಅವಳ ಬಸ್ ಬರುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.