ಹೊಳೆಯಾಚೆಯ ಭಾಷೆ

ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ನಾಗಪ್ಪ ಕನ್ನಡ ಮರೆತುಬಿಡುತ್ತಿದ್ದ. ವಾರದ ಉಳಿದ ದಿನಗಳಲ್ಲಿ ರಾಯಚೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತ, ಸರಿಯಾಗಿಯೇ ಮಾತಾಡಿಕೊಂಡಿದ್ದ ಮನುಷ್ಯ. ಭಾನುವಾರ ಮಾತ್ರ, ನನ್ನ ಹಳೆಯ ವಿದ್ಯಾರ್ಥಿನಿ ಶಬಾನಾಳ ಔಷಧದ ಅಂಗಡಿಯ ಮೇಲಿನ ಕೋಣೆಯಲ್ಲಿ, ಮೇಜಿನ ತುದಿಗೆ ಕೂತು ಕಥೆ ನಡೆಸುತ್ತಿದ್ದ. ನಾವಿಬ್ಬರೂ ಆ ಕಥೆಯೊಳಗಿನ ಪಾತ್ರಗಳಾಗಿ ಮಾತಾಡಬೇಕು, ಅದೇ ಆಟ. ಶಬಾನಾ ವೈದ್ಯೆ. ನಾನು, ಮೂವತ್ತೈದು ವರ್ಷ ಪಾಠ ಹೇಳಿದ ಹಕ್ಕಿನಿಂದ, ಮಹಾಮಂತ್ರಿ. ರಾಜ್ಯದ ಹಣೆಬರಹ ನಿರ್ಧರಿಸಲು, ದಾಳದಂತೆ ಎಸೆಯಲು, ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳಿದ್ದವು.

ಕಥೆಯಲ್ಲೊಂದು ಹೊಳೆ. ಆಚೆಯ ಜನಕ್ಕೆ ಬೇರೆಯದೇ ಭಾಷೆ, ಮೂವತ್ತು ಚಿಲ್ಲರೆ ಶಬ್ದಗಳದ್ದು. ಅರ್ಥ ಕೇಳಿದರೆ ನಾಗಪ್ಪ ಹೇಳುತ್ತಿರಲಿಲ್ಲ. "ಬೀಜ ಒಗದ್ರ ಭಾಷಾ ಬರಂಗಿಲ್ರಿ. ಮುಖ ನೋಡ್ರಿ, ಕೈ ನೋಡ್ರಿ."

ಮಹಾಮಂತ್ರಿ ದೋಣಿ ಕೇಳಿದಾಗ, ಅಂಬಿಗನಾಗಿದ್ದ ನಾಗಪ್ಪ "ಲೂಮಾ" ಎಂದ. ಇದು ರಾಜ್ಯಕ್ಕಾದ ಅವಮಾನವೆಂದು ಭಾವಿಸಿ ನಾನು ದನಿ ಏರಿಸಿದೆ. ಮತ್ತೆ "ಲೂಮಾ". ಇನ್ನೂ ಏರಿಸಿದೆ.

"ಮಾಸ್ತರ್ರ, ಅಂವ ಕಿವುಡ ಅಲ್ರಿ," ಎಂದ ನಾಗಪ್ಪ.

"ಕ್ಲಾಸಿನ್ಯಾಗೂ ಹಿಂಗೇ ಒದರ್ತಿದ್ರಿ ಸರ್. ನಮಗ ಆವಾಗೂ ಏನೂ ತಿಳೀಲಿಲ್ಲ," ಎಂದಳು ಶಬಾನಾ.

ಅಂಬಿಗ ನೆಲ ತಟ್ಟಿ ತೋರಿಸುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲು ಮೂರು ಭಾನುವಾರ ಬೇಕಾದವು. ಲೂಮಾ ಎಂದರೆ, ಇನ್ನಷ್ಟು ಹೊತ್ತು ಕೂತಿರು. ಊಂಬಾ ಎಂದರೆ ನೀರು. ಹೀಗೇ ಒಂದೊಂದಾಗಿ. ಒಮ್ಮೆ ಬೇಸತ್ತು, "ಇದೇನ್ ಭಾಷಾನೋ, ಎಮ್ಮಿ ಕೂಗಿದಂಗದ," ಎಂದೆ. ನಾಗಪ್ಪ ನಗಲಿಲ್ಲ. ಬೀಜಗಳನ್ನು ಜೇಬಿಗೆ ಹಾಕಿಕೊಂಡು, "ಇವತ್ತಿಗೆ ಸಾಕ್ರಿ," ಎಂದು ಎದ್ದ.

ಆರೇಳು ತಿಂಗಳಾದ ಮೇಲೆ ನಮ್ಮಿಬ್ಬರನ್ನೂ ಅರಕೇರಾದ ತನ್ನ ಮನೆಗೆ ಕರೆದೊಯ್ದ. ಹೊರಸಿನ ಮೇಲೆ ಅವನ ತಾಯಿ ಕೂತಿದ್ದರು. ಲಕ್ವಾ ಹೊಡೆದು ಮಾತು ಹೋಗಿತ್ತು. ಕೆಲವು ಸದ್ದುಗಳಷ್ಟೇ ಉಳಿದಿದ್ದವು. ಪಕ್ಕದ ಮನೆಯಾಕೆ ಅವರ ಕಿವಿಗೆ ಬಾಯಿಟ್ಟು, "ಏನ್ ಬೇಕಬೇ ಯವ್ವಾ?" ಎಂದು ಒದರುತ್ತಿದ್ದಳು. ಅವರು ನನ್ನತ್ತ ತಿರುಗಿ ಅಂದರು: "ಊಂಬಾ."

ನಾನು ಎದ್ದು ನೀರು ಕೊಟ್ಟೆ. ಕೊಟ್ಟ ಮೇಲೆ ನನಗೆ ಗೊತ್ತಾಯಿತು.

ನಾಗಪ್ಪ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. "ನನ್ನ ಆಪರೇಷನ್ನಿಗೆ ಹೈದರಾಬಾದಿಗೆ ಹೊಂಟೀನ್ರಿ, ಹದಿನೈದು ದಿನ. ಯವ್ವನ ಮಾತು ನನ್ನ ಬಿಟ್ರ ಯಾರಿಗೂ ತಿಳಿಯಂಗಿಲ್ಲ. ಬರದು ಕೊಟ್ಟಿದ್ರ ನೀವು ಬಾಯಿಪಾಠ ಮಾಡ್ತಿದ್ರಿ ಮಾಸ್ತರ್ರ. ಅದಕ್ಕ ಆಟ ಆಡ್ಸಿದ್ನಿ."

"ನಾ ಎಮ್ಮಿ ಅಂದಿದ್ನಲ್ಲೋ…"

"ಯವ್ವಗ ಹೇಳೀನ್ರಿ. ಭಾಳ ನಕ್ಕಾಳ."

ಆ ಹದಿನೈದು ದಿನ ಅವನ ತಾಯಿ ರಾಯಚೂರಿನ ನಮ್ಮ ಮನೆಯಲ್ಲಿದ್ದರು. ನಾನು ಪಕ್ಕದಿಂದ ಎದ್ದರೆ ಸಾಕು, "ಲೂಮಾ." ನನ್ನ ಹೆಂಡತಿ ಆಟ ಆಡದೆಯೇ ಎರಡು ದಿನದಲ್ಲಿ ಭಾಷೆ ಕಲಿತಳು, ಮಹಾಮಂತ್ರಿಗಳು ಈ ವಿಷಯವನ್ನು ಚರ್ಚಿಸುವುದಿಲ್ಲ.

ನಾಗಪ್ಪ ಗುಣವಾಗಿ ಬಂದ. ಒಂದು ವರ್ಷದ ಮೇಲೆ ತಾಯಿ ಹೋದರು, ಆಟವೂ ನಿಂತಿತು. ಅವನಿಗೆ ಬೀದರಿನಲ್ಲಿ ಕೆಲಸ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಬೀಜಗಳನ್ನು ನನ್ನ ಕೈಗಿಟ್ಟ.

"ಮತ್ತ ಆಡೂದಿಲ್ಲೇನೋ?"

"ಆ ಭಾಷಾದ ಮಂದಿ ಹೋದ್ರಲ್ರಿ."

ಬಸ್ಸು ಹೊರಟಿತು. ಮಹಾಮಂತ್ರಿಯ ಹುದ್ದೆಗೆ ತಕ್ಕ ಬೀಳ್ಕೊಡುಗೆಯ ಭಾಷಣವೊಂದು ಸಿದ್ಧವಾಗಿತ್ತು. ಬಾಯಿಂದ ಬಂದದ್ದು "ಲೂಮಾ" ಮಾತ್ರ. ಅವನು ಕಿಟಕಿಯಿಂದ ಏನೋ ಅಂದ. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ನಾನು ಮುಖ ನೋಡಿದೆ.